ಹುಳಿ ಹಿಂಡಿದ ಮೇಲೆ

ಹೊಲ್ಗರ್, ಬೆಳಿಗ್ಗೆ ಎಂಟಾದರೂ ಇನ್ನೂ ಕತ್ತಲು.
ಓರ್ಹುಸ್‌ನ ಜನವರಿ ನಿನಗೆ ಗೊತ್ತಲ್ಲ,
ಸಾಲ ತೀರಿಸಲು ಬಂದವನ ಹಾಗೆ ಬೆಳಕು
ತಡವಾಗಿ ಬಂದು ಬೇಗ ಎದ್ದು ಹೋಗುತ್ತದೆ.

ಇಲಿಯ ಹಿಂಗಾಲಿನಿಂದ ಬಿಡಿಸಿದ ಸ್ನಾಯು,
ಅರ್ಧ ಬೆಂಕಿಕಡ್ಡಿಯಷ್ಟು.
ಎರಡೂ ತುದಿಗೆ ರೇಷ್ಮೆ ದಾರ ಕಟ್ಟಿ
ಗಾಜಿನ ಕೊಳವೆಯ ಉಪ್ಪುನೀರಿಗೆ ಇಳಿಬಿಟ್ಟೆ.
ಕೆಳಗಿನಿಂದ ಗುಳ್ಳೆಗುಳ್ಳೆಯಾಗಿ ಆಮ್ಲಜನಕ.
(ಇಲಿಯ ಬಗ್ಗೆ ಕೇಳಬೇಡ. ಅದು ನನ್ನ ಕೈಯಿಂದಲೇ,
ಇಪ್ಪತ್ತಾರು ವರ್ಷದಿಂದ,
ಪ್ರತಿ ಸಲವೂ ಉಸಿರು ಬಿಗಿಹಿಡಿದು.)

ವಿದ್ಯುತ್ತು ಮುಟ್ಟಿಸಿದಾಗೆಲ್ಲ ಅದು ಸೆಳೆಯುತ್ತದೆ.
ಪರದೆಯ ಮೇಲೆ ಒಂದು ಗೋಪುರ,
ಪಕ್ಕದಲ್ಲಿ ಅಷ್ಟೇ ಎತ್ತರದ ಇನ್ನೊಂದು.
ಆಮೇಲೆ ನೀರಿಗೆ ಪೊಟ್ಯಾಸಿಯಂ ಬೆರೆಸಿದೆ,
ದುಡಿದ ಸ್ನಾಯು ತಾನಾಗಿ ಹೊರಚೆಲ್ಲುವಷ್ಟು.
ಒಳಗಿರಬೇಕಾದದ್ದು ಅಂಗಳದಲ್ಲಿ ಗುಂಪುಗಟ್ಟಿದರೆ
ಮನೆಯೊಳಗಿನ ಕೂಗು ಪಕ್ಕದ ಕೋಣೆಗೂ ಮುಟ್ಟುವುದಿಲ್ಲ.
ಗೋಪುರ ಗೋಡೆಯಾಯಿತು, ಗೋಡೆ ಮೆಟ್ಟಿಲಾಯಿತು.
ನಲವತ್ತು ನಿಮಿಷಕ್ಕೆ
ಬರೀ ಗೆರೆ.

ಆ ಗೆರೆಯ ಪರಿಚಯ ನನಗಿದೆ.
ಬ್ರಾಬ್ರಾಂಡ್ ಸರೋವರ, ಕೊನೆಯ ಮುನ್ನೂರು ಮೀಟರ್,
ತೊಡೆಗಳು ನನ್ನವಲ್ಲ ಅನ್ನಿಸಿದ ಗಳಿಗೆ.
ದಡದಲ್ಲಿ ನೀನು ಸೈಕಲ್ ತುಳಿಯುತ್ತ
ತಗಡಿನ ಕಹಳೆಯಲ್ಲಿ ಕೂಗುತ್ತಿದ್ದೆ:
"ಹುಳಿ ಕಣೇ ಯುಟ್ಟೆ, ಅದು ಹುಳಿ!
ಕಾಲಿಗೆ ವಿಷ ಏರಿದೆ, ಮೀರು ಅದನ್ನ!"
ಮೀರಲಾಗಲಿಲ್ಲ.
ಸಿಲ್ಕೆಬೋರ್ಗ್‌ನ ಹುಡುಗಿಯರ ಹುಟ್ಟುಗಳು
ಬೆನ್ನ ಹಿಂದಿನಿಂದ ಬಂದವು, ಕಣ್ಣೆದುರಿಗೆ ಬರಲೇ ಇಲ್ಲ.
ಹಾಲಿಗೆ ಹುಳಿ ಹಿಂಡಿದ ಹಾಗೆ
ನನ್ನ ಮೈಯೇ ನನಗೆ ಹಿಂಡಿತು ಅಂದುಕೊಂಡು
ಮದುವೆಯಾದೆ, ಬಿಟ್ಟೆ, ಮಗಳ ಶಾಲೆಯ ಓಟದ ದಿನ
ನೆಪ ಹೇಳಿ ಮನೆಯಲ್ಲಿ ಕುಳಿತೆ.

ಇವತ್ತು ಮಧ್ಯಾಹ್ನ ಅದೇ ಹುಳಿ ಹಿಂಡಿದೆ.
ಕಂದು ಬಾಟಲಿಯ ಲ್ಯಾಕ್ಟಿಕ್ ಆಮ್ಲ, ಪಿಪೆಟ್ಟಿನ ತುದಿಯಿಂದ.
ಕಾರಿಡಾರಿನಲ್ಲಿ ನಿಂತು ರೈ ಬ್ರೆಡ್ಡು ತಿಂದೆ,
ವಿನೆಗರ್‌ನಲ್ಲಿ ನೆನೆದ ಹೆರಿಂಗ್ ಜೊತೆ.
ಬಾಯಿ ಒರೆಸಿಕೊಂಡು ಒಳಗೆ ಬಂದರೆ
ಗೆರೆ ಏಳುತ್ತಿತ್ತು, ಹೊಲ್ಗರ್.
ಮೆಟ್ಟಿಲು. ಗೋಡೆ.
ಬೆಳಗಿನ ಗೋಪುರಕ್ಕೆ ಒಂದು ಗೇಣು ಕಡಿಮೆ.

ಪೊರೆಯ ತುಂಬ ಬಾಗಿಲುಗಳು.
ಸೋಡಿಯಂನವು ಸುದ್ದಿ ಹೊತ್ತು ಒಳನುಗ್ಗಲು;
ಕ್ಲೋರೈಡ್‌ನವು ಸದಾ ಅರೆತೆರೆದಿರುತ್ತವೆ,
ಯಾರೇ ಎದ್ದರೂ ಭುಜ ಒತ್ತಿ ಕೂರಿಸುವ ಹಿರಿಯರ ಹಾಗೆ.
ಅವರಿಲ್ಲದೆಯೂ ಆಗದು,
ಸ್ನಾಯು ಹಿಡಿದದ್ದನ್ನು ಬಿಡುವುದೇ ಇಲ್ಲ.
ಆದರೆ ಬಳಲಿ ದನಿ ಕುಗ್ಗಿದ ಹೊತ್ತಿಗೆ
ಅದೇ ಕೈ ಕಲ್ಲಿನಷ್ಟು ಭಾರ.
ಆಗ ಹುಳಿ ಒಳಗಿನಿಂದ ಹೋಗಿ
ಆ ಬಾಗಿಲುಗಳಿಗೆ ಚಿಲಕ ಹಾಕುತ್ತದೆ.
ಎಲ್ಲಕ್ಕೂ ಅಲ್ಲ, ಸಾಕಾಗುವಷ್ಟಕ್ಕೆ.
ಉಳಿದ ಗುಟುಕು ದನಿ ನಾರಿನುದ್ದಕ್ಕೂ ಓಡಿ
ಆಳದ ನಾಳಗಳಿಗೂ ಇಳಿಯುತ್ತದೆ.

ಇದು ಒಂದು ಕೊಳವೆಯ ಮಾತು, ಒಪ್ಪಿದೆ.
ಇದಕ್ಕೆ ಏದುಸಿರಿಲ್ಲ, ಎದೆಯಿಲ್ಲ,
ಹಿಂದಿನಿಂದ ಬರುವ ಹುಟ್ಟಿನ ಸದ್ದಿಲ್ಲ.
"ಹಾರಾಡಬೇಡ, ಇನ್ನೂ ಹನ್ನೊಂದು ಸ್ನಾಯು ಮಾಡು,"
ಅಂದಳು ನಮ್ಮ ಮೇಲಿನವಳು ಸಿಗ್ನೆ.
ಮಾಡುತ್ತೇನೆ. ಆ ದಿನ ನಾನು ಸೋತದ್ದು ಯಾಕೆಂದು
ಹನ್ನೊಂದಾದ ಮೇಲೂ ಗೊತ್ತಾಗದಿರಬಹುದು.
ಬರೀ ತಾಕತ್ತು ಸಾಲದೆ ಇದ್ದೀತು.
ಆದರೂ ನಿನ್ನ ಪೆಟ್ಟಿಗೆಯ ಮೇಲೆ ಅವರು
ಆ ಕಹಳೆ ಇಟ್ಟಾಗ ನನಗೆ ಬಂದದ್ದು ಅಳುವಲ್ಲ, ಕೋಪ;
ಅದನ್ನು ಇವತ್ತು ಹೇಳಿಬಿಡುತ್ತೇನೆ.

ನಾಲ್ಕು ಗಂಟೆ. ಮತ್ತೆ ಕತ್ತಲು.
ನಿಯಮದ ಪ್ರಕಾರ ಇಷ್ಟು ಹೊತ್ತಿಗೆ
ವಿದ್ಯುತ್ತು ಆರಿಸಿ, ದಾರ ಬಿಚ್ಚಿ,
ಗಾಜು ತೊಳೆದಿಡಬೇಕಿತ್ತು.
ಕೋಟು ಹಾಕಿಕೊಂಡು ನಿಂತಿದ್ದೇನೆ.
ಅದು ಇನ್ನೂ ಸೆಳೆಯುತ್ತಿದೆ.